ಮೈಕ್‌ಗೆ ಸುತ್ತಿದ ಕರವಸ್ತ್ರ

ನಮ್ಮ ದಾವಣಗೆರೆ ಸೀಮೆಯ ರಸಮಂಜರಿ ವೇದಿಕೆಗಳಲ್ಲಿ ಬಹಳ ಕಾಲದಿಂದ ನಡೆದುಕೊಂಡು ಬಂದಿರುವ ಒಂದು ಅಭ್ಯಾಸದ ಬಗ್ಗೆ, ಗಣಪತಿ ಹಬ್ಬದ ಕಾರ್ಯಕ್ರಮಗಳು ಶುರುವಾಗುವ ಮೊದಲೇ ಬರೆಯಬೇಕೆಂದು ಕುಳಿತಿದ್ದೇನೆ. ಗಿಟಾರ್ ಹಿಡಿದು ಹಾಡುವವರ ತುಟಿ ಮೈಕ್‌ಗೆ ತಾಗಿ ಜುಮ್ಮೆಂದರೆ, ಮೈಕ್‌ನ ಜಾಲರಿಗೆ ಒಂದು ಕರವಸ್ತ್ರ ಸುತ್ತಿ ಹಾಡು ಮುಂದುವರಿಸುವುದೇ ಆ ಅಭ್ಯಾಸ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ರಿದಂ ಗಿಟಾರ್ ನುಡಿಸಿದ ನಾನೂ ಹಾಗೆಯೇ ಮಾಡಿದ್ದೇನೆ, ಕಿರಿಯರಿಗೂ ಅದನ್ನೇ ಹೇಳಿಕೊಟ್ಟಿದ್ದೇನೆ. ಹೇಳಿಕೊಟ್ಟದ್ದು ತಪ್ಪು ಎಂದು ತಿಳಿದ ರಾತ್ರಿಯಿಂದ ಈ ವಿಷಯ ನನ್ನ ಮನಸ್ಸನ್ನು ಬಿಟ್ಟಿಲ್ಲ.

ಮೂರು ವರ್ಷದ ಹಿಂದೆ ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಕಾರ್ಯಕ್ರಮವಿತ್ತು. ಸಂಜೆ ಸಣ್ಣಗೆ ಮಳೆ ಹನಿದು, ವೇದಿಕೆಗೆ ಹಾಸಿದ್ದ ಜಮಖಾನ ಒದ್ದೆಯಾಗಿತ್ತು. ತಂಡಕ್ಕೆ ಹೊಸದಾಗಿ ಸೇರಿದ್ದ ಕಾಲೇಜು ಹುಡುಗನೊಬ್ಬ ಮೊದಲ ಹಾಡು ಮುಗಿಸಿ ನನ್ನ ಹತ್ತಿರ ಬಂದು, "ಅಣ್ಣಾ, ಮೈಕ್ ಯಾಕೋ ಜುಮ್ ಅಂತೈತಿ" ಎಂದ. "ಏನಾಗಲ್ಲ ಬಿಡೋ, ಕರ್ಚೀಫ್ ಸುತ್ಕೋ" ಎಂದೆ. ಎರಡನೆಯ ಹಾಡಿನ ನಡುವೆ, ಉಸಿರಿಗೂ ಹನಿಗೂ ನೆನೆದಿದ್ದ ಆ ಬಟ್ಟೆಗೆ ಅವನ ತುಟಿ ತಾಗಿತು. ಎಡಗೈ ಗಿಟಾರ್‌ನ ಕತ್ತನ್ನು ಬಿಗಿಯಾಗಿ ಹಿಡಿದುಕೊಂಡಿತು. ಬಿಡಲು ಅವನಿಂದ ಆಗಲಿಲ್ಲ. ಅವನು ಹಿಂದಕ್ಕೆ ಬಿದ್ದ ರಭಸಕ್ಕೆ ಗಿಟಾರ್‌ನ ಕೇಬಲ್ ಆಂಪ್ಲಿಫೈಯರ್‌ನಿಂದ ಕಿತ್ತುಬಂತು. ಅವನು ಉಳಿದದ್ದು ಅದರಿಂದ, ಬೇರೆ ಯಾವುದರಿಂದಲೂ ಅಲ್ಲ. ತುಟಿ ಸುಟ್ಟಿತ್ತು, ಬೆರಳುಗಳ ಮೇಲೆ ತಂತಿಯ ಗುರುತು ಬಿದ್ದಿತ್ತು. ಆಸ್ಪತ್ರೆಯಲ್ಲಿ ಇಡೀ ರಾತ್ರಿ ಅವನ ಹೃದಯದ ಬಡಿತವನ್ನು ಯಂತ್ರದಲ್ಲಿ ನೋಡುತ್ತ ಕುಳಿತಿದ್ದ ಅವನ ತಾಯಿಯ ಪಕ್ಕದಲ್ಲಿ ನಾನೂ ಕುಳಿತಿದ್ದೆ.

ಮರುದಿನ ಆ ಆಂಪ್ಲಿಫೈಯರನ್ನು ಬಿಚ್ಚಿಸಿ ನೋಡಿದೆವು. ಒಳಗೆ ಬರುವ ಫೇಸ್ ವೈರ್‌ನ ಹೊದಿಕೆ ಸವೆದು, ತಾಮ್ರ ನೇರವಾಗಿ ಲೋಹದ ಬಾಡಿಗೆ, ಅಂದರೆ ಹೊರಕವಚಕ್ಕೆ, ತಾಗುತ್ತಿತ್ತು. ಪ್ಲಗ್ಗಿನ ಮೂರನೆಯ, ದಪ್ಪನೆಯ ಪಿನ್ನನ್ನು, ಅಂದರೆ ಅರ್ಥ್ ಪಿನ್ನನ್ನು, ಯಾರೋ ಎಂದೋ ಕತ್ತರಿಸಿ ತೆಗೆದಿದ್ದರು. ಮೊದಲನೆಯದು ಯಾವ ಯಂತ್ರಕ್ಕೂ ಬರಬಹುದಾದ ಸವೆತ. ಎರಡನೆಯದು ಮನುಷ್ಯರು ತಿಳಿದೂ ಮಾಡಿದ ಕೆಲಸ. ಪಿನ್ ಇದ್ದಿದ್ದರೆ, ತಾಮ್ರ ಬಾಡಿಗೆ ತಾಗಿದ ಕ್ಷಣವೇ ವಿದ್ಯುತ್ತು ನೆಲಕ್ಕೆ ಸೇರುವ ಅರ್ಥಿಂಗ್ ತಂತಿಯ ದಾರಿ ಹಿಡಿಯುತ್ತಿತ್ತು. ಪಿನ್ ಇಲ್ಲದ ಕಾರಣ ಬಾಡಿಯಲ್ಲಿಯೇ 230 ವೋಲ್ಟ್ ಕಾದು ಕುಳಿತಿತ್ತು.

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಲ್ಲಿಯೂ ಅನೇಕರಿಗೆ ತಿಳಿಯದ ಸಂಗತಿ ಇಲ್ಲಿದೆ. ಗಿಟಾರ್‌ನ ಲೋಹದ ತಂತಿಗಳು ಅವನ್ನು ಹಿಡಿದಿಡುವ ಬ್ರಿಜ್‌ನ ಮೂಲಕ ಒಳಗಿನ ಗ್ರೌಂಡ್ ವೈರ್‌ಗೆ, ಅಲ್ಲಿಂದ ಕೇಬಲ್‌ನ ಹೊರಜಾಲರಿಗೆ, ಅಲ್ಲಿಂದ ಆಂಪ್ಲಿಫೈಯರ್‌ನ ಬಾಡಿಗೆ ಸೇರಿರುತ್ತವೆ. ಸದ್ದು ಸ್ವಚ್ಛವಾಗಿರಲೆಂದು ಹೀಗೆ ಮಾಡಿರುತ್ತಾರೆ. ಎಲ್ಲವೂ ಸರಿಯಿದ್ದಾಗ ಇದರಿಂದ ಯಾವ ಅಪಾಯವೂ ಇಲ್ಲ. ಆದರೆ ಆಂಪ್ಲಿಫೈಯರ್‌ನ ಬಾಡಿಗೆ ಕರೆಂಟ್ ಬಂದರೆ, ಬೆರಳಿನ ಕೆಳಗಿರುವ ತಂತಿಗೂ ಅದೇ ಕರೆಂಟ್ ಬಂದಿರುತ್ತದೆ. ಅತ್ತ ಮೈಕ್‌ನ ಜಾಲರಿಯು ಮಿಕ್ಸರ್ (ಎಲ್ಲ ಸದ್ದನ್ನೂ ಸೇರಿಸುವ ಯಂತ್ರ) ಮೂಲಕ ಅರ್ಥಿಂಗ್‌ಗೆ ಸೇರಿರುತ್ತದೆ. ಒಣಗಿದ ನೆಲದ ಮೇಲೆ ನಿಂತು ಗಿಟಾರ್ ಮಾತ್ರ ಹಿಡಿದವನಿಗೆ ಏನೂ ತಿಳಿಯದಿರಬಹುದು, ಮೈಕ್ ಮಾತ್ರ ಮುಟ್ಟಿದವನಿಗೂ ತಿಳಿಯದಿರಬಹುದು. ಎರಡನ್ನೂ ಮುಟ್ಟಿದವನ ದೇಹವೇ ಅವೆರಡರ ನಡುವಿನ ತಂತಿಯಾಗುತ್ತದೆ, ಮತ್ತು ಆ ದಾರಿ ಎದೆಯ ಮೂಲಕ ಹಾದುಹೋಗುತ್ತದೆ. ಸುಮಾರು 10 ಮಿಲಿಆಂಪಿಯರ್ ದಾಟಿದರೆ ಸ್ನಾಯುಗಳು ಬಿಗಿದು, ಹಿಡಿದದ್ದನ್ನು ಬಿಡಲಾಗದು. 50ರಿಂದ 100 ಮಿಲಿಆಂಪಿಯರ್ ಎದೆಯಲ್ಲಿ ಹರಿದರೆ ಹೃದಯದ ಲಯ ಕೆಟ್ಟು ರಕ್ತ ಹರಿಯುವುದೇ ನಿಲ್ಲಬಹುದು. ಬೆವರಿನಿಂದ ಒದ್ದೆಯಾದ ದೇಹದ ರೋಧ (ಕರೆಂಟನ್ನು ತಡೆಯುವ ಗುಣ) ಸಾವಿರ ಓಮ್‌ವರೆಗೂ ಇಳಿಯುತ್ತದೆ. ಆಗ 230 ವೋಲ್ಟ್‌ಗೆ ಹರಿಯುವುದು 230 ಮಿಲಿಆಂಪಿಯರ್. ಈ ಲೆಕ್ಕಕ್ಕೆ ಶಾಲೆಯ ಭಾಗಾಕಾರ ಸಾಕು.

ಇದು ನಮ್ಮೂರಿನಲ್ಲಿ ಮಾತ್ರ ಆಗುವಂಥದ್ದೂ ಅಲ್ಲ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸೀ ನಗರದ ವೇದಿಕೆಯಲ್ಲಿ ಮೈಕ್ ಮುಟ್ಟಿ ಪ್ರಾಣ ಕಳೆದುಕೊಂಡರು. ಯಾರ್ಡ್‌ಬರ್ಡ್ಸ್ ತಂಡದಲ್ಲಿ ಹಾಡುತ್ತಿದ್ದ ಕೀತ್ ರೆಲ್ಫ್ 1976ರ ಮೇ ತಿಂಗಳಿನಲ್ಲಿ ತಮ್ಮ ಮನೆಯಲ್ಲಿ ಗಿಟಾರ್ ನುಡಿಸುತ್ತಿದ್ದಾಗಲೇ ಶಾಕ್ ಹೊಡೆದು ತೀರಿಕೊಂಡರು. ಎರಡು ಸಾವಿನಲ್ಲೂ ದೋಷ ಒಂದೇ: ಸರಿಯಾದ ಅರ್ಥಿಂಗ್ ಇರಲಿಲ್ಲ. 1965ರಲ್ಲಿ ಅಮೆರಿಕದ ಸ್ಯಾಕ್ರಮೆಂಟೊದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಅವರ ಗಿಟಾರ್ ಮೈಕ್ ಸ್ಟ್ಯಾಂಡಿಗೆ ತಾಗಿ ಅವರು ಪ್ರಜ್ಞೆ ತಪ್ಪಿ ಬಿದ್ದರು; ಬದುಕಿ ಉಳಿದದ್ದು ದಪ್ಪ ರಬ್ಬರಿನ ಅಡಿಯಿದ್ದ ಶೂಗಳಿಂದ ಎಂದು ಹೇಳುತ್ತಾರೆ. ಇದನ್ನು ಓದಿದಾಗ ನನಗೆ ಮೊದಲು ಕಣ್ಣ ಮುಂದೆ ಬಂದದ್ದು ನಮ್ಮ ಕಲಾವಿದರ ಬರಿಗಾಲು. ನಾವು ವೇದಿಕೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಚಪ್ಪಲಿ ಕೆಳಗೆ ಬಿಟ್ಟು ಹತ್ತುವವರು. ಚಪ್ಪಲಿ ಹಾಕಿಕೊಳ್ಳಿ ಎಂದು ನಾನು ಹೇಳಲಾರೆ, ಆ ಭಕ್ತಿ ನನ್ನದೂ ಹೌದು. ಆದರೆ ಒದ್ದೆ ಜಮಖಾನವನ್ನು ತೆಗೆದು, ಒಣ ಹಲಗೆಯನ್ನೋ ರಬ್ಬರ್ ಮ್ಯಾಟನ್ನೋ ಹಾಕಿಸುವುದರಿಂದ ಯಾವ ದೇವರಿಗೂ ಅಗೌರವವಾಗುವುದಿಲ್ಲ.

ಇನ್ನು ಪಿನ್ ಕತ್ತರಿಸುವ ಮಾತು. ಹಾಗೆ ಮಾಡುವವರಿಗೆ ಒಂದು ಕಾರಣವಿದೆ, ಅದು ಸುಳ್ಳೂ ಅಲ್ಲ. ಗಿಟಾರ್ ಆಂಪ್ಲಿಫೈಯರನ್ನು ಒಂದು ಬೋರ್ಡಿಗೂ ಮಿಕ್ಸರನ್ನು ದೂರದ ಇನ್ನೊಂದು ಬೋರ್ಡಿಗೂ ಜೋಡಿಸಿ, ಎರಡರ ನಡುವೆ ಆಡಿಯೊ ಕೇಬಲ್ ಎಳೆದರೆ, ಅರ್ಥಿಂಗ್‌ಗೆ ಎರಡು ದಾರಿಗಳಾಗಿ ಒಂದು ಸುತ್ತು ಏರ್ಪಡುತ್ತದೆ. ಆ ಸುತ್ತಿನಲ್ಲಿ ಹರಿಯುವ ಅಲ್ಪ ವಿದ್ಯುತ್ತೇ ಸ್ಪೀಕರ್‌ನಲ್ಲಿ ಗುಂಯ್ ಎಂದು ಕೇಳಿಸುತ್ತದೆ. ಒಂದು ಪ್ಲಗ್ಗಿನ ಅರ್ಥ್ ಪಿನ್ ತೆಗೆದರೆ ಸುತ್ತು ಕಡಿದು ಗುಂಯ್ ನಿಲ್ಲುತ್ತದೆ, ಪ್ರೇಕ್ಷಕರಿಗೂ ಆಯೋಜಕರಿಗೂ ಸಮಾಧಾನವಾಗುತ್ತದೆ. ಸದ್ದಿನ ಜೊತೆಗೆ ಕಲಾವಿದನ ರಕ್ಷಣೆಯೂ ಹೋಯಿತೆಂಬುದು ಮಾತ್ರ ಯಾರಿಗೂ ಕೇಳಿಸುವುದಿಲ್ಲ. ಗುಂಯ್ ನಿಲ್ಲಿಸಲು ಬೇರೆ ದಾರಿಗಳಿವೆ. ವೇದಿಕೆಯ ಎಲ್ಲ ವಾದ್ಯಗಳಿಗೂ ಮಿಕ್ಸರಿಗೂ ಒಂದೇ ಕಡೆಯಿಂದ ಕರೆಂಟ್ ಕೊಡಬಹುದು. ಅದೂ ಸಾಲದಿದ್ದರೆ ಗ್ರೌಂಡ್ ಲಿಫ್ಟ್ ಸ್ವಿಚ್ ಇರುವ ಡಿಐ ಬಾಕ್ಸ್ ಎಂಬ, ವಾದ್ಯವನ್ನು ಮಿಕ್ಸರಿಗೆ ಜೋಡಿಸುವ ಪೆಟ್ಟಿಗೆಯನ್ನು ಬಳಸಬೇಕು. ಅದು ಆಡಿಯೊ ಕೇಬಲ್‌ನ ಗ್ರೌಂಡನ್ನು ಮಾತ್ರ ಬಿಡಿಸುತ್ತದೆ, ಪ್ಲಗ್ಗಿನ ಅರ್ಥಿಂಗನ್ನು ಮುಟ್ಟುವುದಿಲ್ಲ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ನನ್ನು ಉಳಿದೆರಡಕ್ಕಿಂತ ಉದ್ದವಾಗಿ ಮಾಡಿರುವುದೇ, ಚುಚ್ಚುವಾಗ ಅದು ಮೊದಲು ಸೇರಲಿ, ಕೀಳುವಾಗ ಕೊನೆಗೆ ಬಿಡಲಿ ಎಂದು. ಅಷ್ಟು ಯೋಚಿಸಿ ಇಟ್ಟ ಪಿನ್ನನ್ನು ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸುವ ಹಕ್ಕು ಸೌಂಡ್‌ನವರಿಗೂ ಇಲ್ಲ, ನಮಗೂ ಇಲ್ಲ.

"ಎಂಸಿಬಿ ಇದೆಯಲ್ಲ, ಬೀಳುತ್ತದೆ ಬಿಡಿ" ಎಂದು, ಕರೆಂಟ್ ಮಿತಿಮೀರಿದರೆ ತಾನೇ ಆಫ್ ಆಗುವ ಆ ಸ್ವಿಚ್ಚನ್ನು ನಂಬುವವರಿಗೆ ನಮ್ಮ ಮಣ್ಣಿನ ಸಂಗತಿಯನ್ನೂ ಹೇಳಬೇಕು. ಚಿತ್ರದುರ್ಗ, ಜಗಳೂರು, ಮೊಳಕಾಲ್ಮುರು ಕಡೆ ಮಳೆ ಕಡಿಮೆ, ಎಷ್ಟೋ ಕಡೆ ಸ್ವಲ್ಪ ಅಗೆದರೆ ಕಲ್ಲು. ಒಣ ಕಲ್ಲುನೆಲದಲ್ಲಿ ನೆಟ್ಟ ಅರ್ಥಿಂಗ್ ಕಡ್ಡಿಯ ರೋಧ ಹೆಚ್ಚಿರುತ್ತದೆ. ಅದು 20 ಓಮ್ ಇದೆಯೆಂದು ಇಟ್ಟುಕೊಂಡರೂ, ಫೇಸ್ ಪೂರ್ತಿಯಾಗಿ ಬಾಡಿಗೆ ತಾಗಿದಾಗ ಹರಿಯುವುದು 11.5 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ ಬೀಳುವುದೇ ಇಲ್ಲ. ಅಂದರೆ ಪಿನ್ ಇದ್ದರೂ ಬಾಡಿಯಲ್ಲಿ ಅಪಾಯ ಉಳಿದಿರಬಹುದು. ಆದ್ದರಿಂದಲೇ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು. ಹೋದ ಕರೆಂಟ್ ಅಷ್ಟೂ ವಾಪಸು ಬರುತ್ತಿದೆಯೇ ಎಂದು ಅದು ನೋಡುತ್ತಿರುತ್ತದೆ; 30 ಮಿಲಿಆಂಪಿಯರಿನಷ್ಟು ಬೇರೆ ದಾರಿ ಹಿಡಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಜನರೇಟರ್ ತಂದಾಗ ಅದರ ನ್ಯೂಟ್ರಲನ್ನು (ಕರೆಂಟ್ ವಾಪಸು ಬರುವ ತಂತಿಯನ್ನು) ಬಾಡಿಗೂ ನೆಲದ ಕಡ್ಡಿಗೂ ಸೇರಿಸಿರಬೇಕು, ಇಲ್ಲದಿದ್ದರೆ ಆರ್‌ಸಿಸಿಬಿ ಇದ್ದೂ ಕೆಲಸ ಮಾಡದೆ ಹೋಗಬಹುದು. ಈ ಜೋಡಣೆಯನ್ನು ತಿಳಿದ ಎಲೆಕ್ಟ್ರಿಷಿಯನ್ನರೇ ಮಾಡಬೇಕು.

ಎರಡು ಪಿನ್ನಿನ ಅಡಾಪ್ಟರಿನಿಂದ ನಡೆಯುವ ಕೀಬೋರ್ಡುಗಳಲ್ಲಿಯೂ ಸಣ್ಣಗೆ ಜುಮ್ಮೆನ್ನುವುದುಂಟು; ಅಡಾಪ್ಟರ್ ಸರಿಯಿದ್ದರೆ ಅದು ಅಲ್ಪ ಸೋರಿಕೆ, ಪ್ರಾಣ ತೆಗೆಯುವಂಥದ್ದಲ್ಲ. ಆದರೆ ಅಪಾಯವಿಲ್ಲದ ಜುಮ್ಮು ಯಾವುದು, ಕೊಲ್ಲುವ ಜುಮ್ಮು ಯಾವುದು ಎಂದು ತುಟಿಗೆ ಗೊತ್ತಾಗುವುದಿಲ್ಲ. ಆ ಹುಡುಗನಿಗೆ ಮೊದಲ ಹಾಡಿನಲ್ಲಿ ಆದದ್ದು ಬರೀ ಜುಮ್ಮು. ಟೆಸ್ಟರ್ ದೀಪವನ್ನೂ ನಂಬಬೇಡಿ, ಅರ್ಥಿಂಗ್ ಕಡಿದಿದೆಯೇ ಎಂಬುದನ್ನು ಅದು ಹೇಳದು. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಗಿಟಾರ್‌ನ ತಂತಿಗೂ ಇನ್ನೊಂದನ್ನು ಮೈಕ್‌ನ ಜಾಲರಿಗೂ ತಾಗಿಸಿ. ಸೊನ್ನೆಯ ಹತ್ತಿರವಿದ್ದರೆ ನುಡಿಸಿ. ಹತ್ತಾರು ವೋಲ್ಟ್ ತೋರಿಸಿದರೆ ದೋಷ ಸಿಗುವವರೆಗೆ ಹಾಡು ಬೇಡ, ಎದುರಿಗೆ ಎಷ್ಟೇ ಜನ ಕಾಯುತ್ತಿದ್ದರೂ ಬೇಡ.

ಯಾರಿಗಾದರೂ ಶಾಕ್ ಹೊಡೆದರೆ ಓಡಿಹೋಗಿ ಹಿಡಿದುಕೊಳ್ಳಬೇಡಿ, ಮೊದಲು ಮೇನ್ ಆಫ್ ಮಾಡಿಸಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಗಣೇಶ ಸಮಿತಿಗಳ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ. ಶಾಮಿಯಾನಕ್ಕೂ ದೀಪಾಲಂಕಾರಕ್ಕೂ ಮಾಡುವ ಖರ್ಚಿನ ಮುಂದೆ ಒಂದು ಆರ್‌ಸಿಸಿಬಿಯ ಬೆಲೆ ತೀರಾ ಸಣ್ಣದು. ವೇದಿಕೆಯ ಬೋರ್ಡಿಗೆ ಅದನ್ನು ಹಾಕಿಸಿ, ಕಾರ್ಯಕ್ರಮಕ್ಕೆ ಮುಂಚೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ, ಸೌಂಡ್‌ನವರಿಗೆ ಹತ್ತು ನಿಮಿಷ ಕೊಡಿ. ಕಲಾವಿದ ಗೆಳೆಯರೇ, ಅರ್ಥ್ ಪಿನ್ ಕತ್ತರಿಸಿದ ಪ್ಲಗ್ ನಿಮ್ಮ ಆಂಪ್ಲಿಫೈಯರ್‌ಗಿದ್ದರೆ ಹಬ್ಬಕ್ಕೆ ಮುಂಚೆ ದಾವಣಗೆರೆಗೆ ಬಂದಾಗ ನನ್ನ ಹತ್ತಿರ ತನ್ನಿ. ಹೊಸ ಪ್ಲಗ್ ಹಾಕಿಸಿ, ಮೀಟರ್ ಇಟ್ಟು ನೋಡಿಸಿ ಕೊಡುತ್ತೇನೆ, ದುಡ್ಡು ಬೇಡ.