ಕೀ ಬಂಚ್ ಭಾರಕ್ಕೇ ಆಫ್ ಆಗ್ತಿದ್ದ ಕಾರುಗಳು

ನನ್ನ ಕಾರ್ ಕೀ ಜೊತೆ ಮನೆ ಕೀ, ಗೇಟ್ ಕೀ, ಬೀರು ಕೀ, ಧರ್ಮಸ್ಥಳದಲ್ಲಿ ತಗೊಂಡ ಹಿತ್ತಾಳೆ ಕೀಚೈನು ಎಲ್ಲಾ ಒಂದೇ ರಿಂಗಲ್ಲಿ ನೇತಾಡ್ತಿದ್ವು. ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್‌ನ ಇಗ್ನಿಷನ್ ಸ್ವಿಚ್ (ಕೀ ಹಾಕಿ ತಿರುಗಿಸೋ ಸ್ವಿಚ್) ಪ್ರಕರಣ ಪೂರ್ತಿ ಓದಿದ ರಾತ್ರೀನೇ ಎಲ್ಲಾ ಬಿಚ್ಚಿ ಬೇರೆ ಮಾಡ್ದೆ.

ಷೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಅಂತ ಕಾರುಗಳು. ಕೀ ತಿರುಗಿಸಿದ್ರೆ ಟಕ್ ಅಂತ ಆನ್‌ನಲ್ಲಿ ಕೂತ್ಕೊಳುತ್ತಲ್ಲ, ಹಾಗೆ ಹಿಡಿದಿಡೋದು ಸ್ವಿಚ್ಚೊಳಗಿನ ಒಂದು ಪುಟ್ಟ ಪ್ಲಂಜರ್ರು, ಅಂದ್ರೆ ಒತ್ತಿ ಹಿಡಿಯೋ ಕಡ್ಡಿ, ಅದರ ಸ್ಪ್ರಿಂಗು. ಈ ಕಾರುಗಳಲ್ಲಿ ಅದು ಗಿಡ್ಡ, ಹಿಡಿತ ಸಾಲ್ದು. ಚಕ್ರ ಗುಂಡಿಗಿಳಿದ್ರೆ, ಮೊಣಕಾಲು ತಾಗಿದ್ರೆ, ಬಂಚ್ ಭಾರಕ್ಕೆ ಜಗ್ಗಿದ್ರೆ ಕೀ ಆನ್‌ನಿಂದ ಆಕ್ಸೆಸರಿಗೆ (ಎಂಜಿನ್ ಇಲ್ಲದೆ ರೇಡಿಯೋ ಅಂಥವು ಮಾತ್ರ ನಡೆಯೋ ಜಾಗ) ಜಾರಿಬಿಡೋದು, ಓಡ್ತಿರೋ ಕಾರಿನ ಎಂಜಿನ್ ಬಂದ್, ಸ್ಟೀರಿಂಗ್ ಕಲ್ಲಾಗುತ್ತೆ, ಬ್ರೇಕ್ ಗಟ್ಟಿಯಾಗುತ್ತೆ, ಆ ಗಾಬರಿಲಿ ಎಲ್ಲಾದ್ರೂ ಗುದ್ದಿದ್ರೆ ಏರ್‌ಬ್ಯಾಗೂ ಬಿಚ್ಕೊಳಲ್ಲ, ಯಾಕಂದ್ರೆ ಸಿಸ್ಟಮ್ ಲೆಕ್ಕದಲ್ಲಿ ಕಾರು ಆನೇ ಇಲ್ಲ.

ಕಂಪನಿಗೆ ಗೊತ್ತಿತ್ತು. 2005ರಲ್ಲೇ ಡೀಲರ್‌ಗಳಿಗೆ ಬರೆದಿದ್ರು, ಕೀ ರಿಂಗಿನ ಭಾರ ಕಮ್ಮಿ ಮಾಡೋಕೆ ಗಿರಾಕಿಗಳಿಗೆ ಹೇಳಿ ಅಂತ. ಇದನ್ನ ಗಿರಾಕಿಯ ಅನುಕೂಲದ ಸಮಸ್ಯೆ ಅಂತ ಇಟ್ಕೊಂಡ್ರು, ಸೇಫ್ಟಿ ಸಮಸ್ಯೆ ಅಂತ ಅಲ್ಲ.

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಒಬ್ಬ ನರ್ಸ್, ತನ್ನ ಕೋಬಾಲ್ಟ್ ಕಾರು ಓಡ್ತಾ ಓಡ್ತಾ ಆಫ್ ಆಯ್ತು ಅಂತ ಸರ್ವೀಸಿಗೆ ಬಿಟ್ಟಿದ್ಳು, ನೋಡಿ ವಾಪಸ್ ಕೊಟ್ರು. ಅದಾಗಿ ಸ್ವಲ್ಪದ್ರಲ್ಲೇ, 2010ರ ಮಾರ್ಚಲ್ಲಿ, ಮಳೇಲಿ ಹೋಗ್ತಾ ಅಪಘಾತದಲ್ಲಿ ತೀರ್ಕೊಂಡ್ಳು. ಅವತ್ತು ಅವಳ 29ನೇ ಹುಟ್ಟುಹಬ್ಬ. ಅಪ್ಪ ಅಮ್ಮ ಬಿಡ್ಲಿಲ್ಲ, ವಕೀಲರನ್ನ ಹಿಡಿದ್ರು, ಅವರು ಕರೆಸಿದ ಎಂಜಿನಿಯರ್ ಸುಮಾರು 30 ಡಾಲರ್ ಕೊಟ್ಟು ಹೊಸ ಸ್ವಿಚ್ ತಂದು ಅವಳ ಕಾರಿಂದು ಪಕ್ಕಕ್ಕಿಟ್ಟು ಎರಡನ್ನೂ ಬಿಚ್ಚಿ ನೋಡಿದ್ರೆ, ಹೊಸದರ ಪ್ಲಂಜರ್ ಉದ್ದ! ಆದ್ರೆ ಪಾರ್ಟ್ ನಂಬರ್ ಎರಡಕ್ಕೂ ಒಂದೇ.

ನನಗೆ ಹೊಟ್ಟೆ ಉರಿಯೋದು ಇಲ್ಲೇ. 2006ರಲ್ಲಿ ಪ್ಲಂಜರ್ ಬದಲಾಯಿಸೋಕೆ ಒಪ್ಪಿಗೆ ಕೊಟ್ಟೋರು ನಂಬರ್ ಮಾತ್ರ ಹಳೇದೇ ಬಿಟ್ರು. ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ನೋಡಿ, ಎಲ್ಲಾ ನಡೆಯೋದು ನಂಬರ್ ಮೇಲೆ. ನಂಬರ್ ಬದಲಾಗಿಲ್ಲ ಅಂದ್ರೆ ವಸ್ತೂನೂ ಬದಲಾಗಿಲ್ಲ ಅಂತಾನೇ ಎಲ್ರೂ ನಂಬ್ತಾರೆ, ಕಂಪನಿ ಒಳಗೇ ತನಿಖೆ ಮಾಡ್ತಿದ್ದೋರೂ ಹಾಗೇ ನಂಬಿ, ಹೊಸ ಕಾರುಗಳಲ್ಲಿ ಯಾಕೆ ಈ ತೊಂದ್ರೆ ಇಲ್ಲ ಅಂತ ವರ್ಷಗಟ್ಟಲೆ ತಲೆ ಕೆರ್ಕೊಂಡ್ರು. ಅಷ್ಟೂ ದಿನ ಹಳೇ ಸ್ವಿಚ್‌ಗಳು ರೋಡಲ್ಲೇ ಇದ್ವು.

ರೀಕಾಲ್, ಅಂದ್ರೆ ಕಂಪನಿನೇ ಕಾರು ವಾಪಸ್ ಕರೆಸಿ ದೋಷ ಸರಿಮಾಡೋದು, ಶುರುವಾಗಿದ್ದು 2014ರ ಫೆಬ್ರವರಿಲಿ, ಕೊನೆಗೆ ಸುಮಾರು 26 ಲಕ್ಷ ಕಾರು. ಕಂಪನಿಯ ಪರಿಹಾರ ನಿಧಿ ಒಪ್ಕೊಂಡಿದ್ದು 124 ಸಾವು. ಸರಿಮಾಡೋ ಖರ್ಚು ಸ್ವಿಚ್ಚಿಗೆ 57 ಸೆಂಟ್ ಅನ್ನೋ ಲೆಕ್ಕ ಅಮೆರಿಕದ ಸಂಸತ್ತಿನ ವಿಚಾರಣೇಲಿ ಬಂತು. 2015ರಲ್ಲಿ 90 ಕೋಟಿ ಡಾಲರ್ ಕಟ್ಟಿ ಕ್ರಿಮಿನಲ್ ಕೇಸ್ ರಾಜಿ ಮಾಡ್ಕೊಂಡ್ರು. ಜೈಲಿಗೆ ಒಬ್ರೂ ಹೋಗ್ಲಿಲ್ಲ.

ನಿಮ್ಮ ಕಾರು ಓಡ್ತಿರುವಾಗ ಒಂದೇ ಒಂದು ಸಲ ಆಫ್ ಆಗಿದ್ರೂ ಸರ್ವೀಸಲ್ಲಿ ಬಾಯಲ್ಲಿ ಹೇಳಿ ಬರಬೇಡಿ. ಜಾಬ್ ಕಾರ್ಡಲ್ಲಿ ನೀವು ಹೇಳಿದ್ದನ್ನ ಹೇಳಿದ ಹಾಗೇ ಬರೆಸಿ, ಒಂದು ಕಾಪಿ ಇಸ್ಕೊಂಡು ಬನ್ನಿ.