ಸೊನ್ನೆಯ ಘಾತ ಸೊನ್ನೆ: ಧೈರ್ಯವಾಗಿ 1 ಎಂದು ಬರೆಯಿರಿ

ಪಿಯುಸಿ ಮಕ್ಕಳು 0⁰ ಎಷ್ಟು ಎಂದು ಕೇಳಿದರೆ ನಮ್ಮ ಕೊಡಗಿನಲ್ಲೂ ಸಿಗುವ ಉತ್ತರ ಒಂದೇ: "ಅದು ಡಿಫೈನ್ ಆಗಿಲ್ಲ, ಮುಂದೆ ಹೋಗು." ನನ್ನ ಪ್ರಕಾರ ಇದು ಸೋಮಾರಿ ಉತ್ತರ. ಘಾತಾಂಕ ಪೂರ್ಣಸಂಖ್ಯೆಯಾಗಿದ್ದಾಗ 0⁰ = 1. ಲಿಮಿಟ್ ಲೆಕ್ಕದಲ್ಲಿ ಮಾತ್ರ ಅದು ಅನಿರ್ಧಾರ್ಯ ರೂಪ, ಅಂದರೆ ಉತ್ತರ ಇಷ್ಟೇ ಎಂದು ರೂಪ ನೋಡಿ ಹೇಳಲಾಗದು. ಎರಡೂ ಬೇರೆ ಬೇರೆ ಪ್ರಶ್ನೆಗಳು.

ಮೊದಲು ಎಣಿಕೆ. ಮಡಿಕೇರಿಯಿಂದ ಮೂರು ದಾರಿ ಹಿಡಿಯಿರಿ: ಸಂಪಾಜೆ, ಕುಶಾಲನಗರ, ಮೂರ್ನಾಡು. ಎರಡು ಜೀಪುಗಳನ್ನು ಈ ದಾರಿಗಳಲ್ಲಿ ಕಳಿಸುವ ಬಗೆಗಳು 3² = 9. ಬರೆ ಕುಸಿದು ಮೂರೂ ಬಂದ್ ಆದರೆ 0² = 0, ಒಂದು ಜೀಪೂ ಹೊರಡುವಂತಿಲ್ಲ. ದಾರಿ ಮೂರಿದ್ದು ಜೀಪೇ ಇಲ್ಲದಿದ್ದರೆ 3⁰ = 1, ಅಂದರೆ ಖಾಲಿ ಪಟ್ಟಿ ಎಂಬ ಒಂದೇ ಬಗೆ. ದಾರಿಯೂ ಇಲ್ಲ, ಜೀಪೂ ಇಲ್ಲ ಎಂದಾಗಲೂ ಆ ಖಾಲಿ ಪಟ್ಟಿ ಉಳಿಯುತ್ತದೆ. ದಾರಿ ಸಿಗದೆ ನಿಂತ ಜೀಪು ಒಂದೂ ಇಲ್ಲವಲ್ಲ! ಹಾಗಾಗಿ 0⁰ = 1.

"ಆದರೆ 0⁰ ಅಂದರೆ 0¹ ÷ 0¹, ಸೊನ್ನೆಯಿಂದ ಭಾಗಿಸುವಂತಿಲ್ಲ" ಎಂಬ ವಾದ ಕೇಳಿರುತ್ತೀರಿ. ಅದೇ ದಾರಿಯಲ್ಲಿ ಹೋದರೆ 0¹ ಅಂದರೆ 0² ÷ 0¹, ಅದೂ 0/0. ಹಾಗಂತ 0¹ ಇಲ್ಲ ಎನ್ನುತ್ತೀರಾ? ಕೆಟ್ಟಿರುವುದು ಆ ಭಾಗಾಕಾರದ ಸೂತ್ರ, 0⁰ ಅಲ್ಲ. "ಸೊನ್ನೆಯ ಯಾವ ಘಾತವೂ ಸೊನ್ನೆ" ಎನ್ನುವುದೂ ಪೂರ್ತಿ ನಿಯಮವಲ್ಲ. ಘಾತಾಂಕ ಋಣವಾದ ಕೂಡಲೇ ಅದು ಬೀಳುತ್ತದೆ.

ಇದು ಬರೀ ತತ್ವದ ಜಗಳವೂ ಅಲ್ಲ. ನರ್ಸರಿಯಲ್ಲಿ ಹತ್ತು ಕಾಫಿ ಬೀಜ ಹಾಕಿದ್ದೀರಿ, ಒಂದೊಂದೂ ಮೊಳೆಯುವ ಸಂಭವ 0.8. ಒಂದೂ ಮೊಳೆಯದಿರುವ ಸಂಭವ 1 × 0.8⁰ × 0.2¹⁰ (ಮೊದಲ 1, ಹಾಗಾಗುವ ಬಗೆ ಒಂದೇ ಎಂದು), ಸುಮಾರು ಕೋಟಿಗೆ ಒಂದು. ಈಗ ಪೂರ್ತಿ ಸತ್ತ ಹಳೇ ಬೀಜ ತನ್ನಿ. ಸಂಭವ 0, ಲೆಕ್ಕ 1 × 0⁰ × 1¹⁰. ಒಂದೂ ಮೊಳೆಯುವುದಿಲ್ಲ ಎಂಬುದು ಖಚಿತ, ಉತ್ತರ 1 ಬರಲೇಬೇಕು. 0⁰ ಒಂದಾಗದಿದ್ದರೆ ಇಂಥ ಸಂಭವ ಲೆಕ್ಕ ಹಾಕುವ ದ್ವಿಪದ ಸೂತ್ರವೇ ಕೈಕೊಡುತ್ತದೆ.

ಎಕ್ಸೆಲ್‌ನಲ್ಲಿ ನಿಜಕ್ಕೂ ಕೈಕೊಡುತ್ತದೆ. =0^0 ಹೊಡೆದರೆ ಎರರ್, ಆ ಕಾಲಮ್ಮಿನ ಮೊತ್ತವೂ ಎರರ್. ಘಾತಾಂಕ 0 ಆದರೆ 1 ಕೊಡು, ಇಲ್ಲವಾದರೆ ಘಾತ ಲೆಕ್ಕ ಹಾಕು ಎಂದು ಒಂದು ಇಫ್ ಸೇರಿಸಿ, ಸರಿಹೋಗುತ್ತದೆ. ಪೈಥಾನ್, ಜಾವಾಸ್ಕ್ರಿಪ್ಟ್ ತಕರಾರಿಲ್ಲದೆ 1 ಎನ್ನುತ್ತವೆ.

ಇನ್ನು ಲಿಮಿಟ್. ಇಲ್ಲಿ ಆಧಾರವೂ ಘಾತಾಂಕವೂ ಸೊನ್ನೆಯಲ್ಲ, ಸೊನ್ನೆಯತ್ತ ಹೋಗುತ್ತಿವೆ. ಎರಡೂ ಒಂದೇ ಸಂಖ್ಯೆಯಾಗಿದ್ದರೆ ನೋಡಿ: 0.5ಕ್ಕೆ 0.7071, 0.1ಕ್ಕೆ 0.7943, 0.01ಕ್ಕೆ 0.9550, 0.001ಕ್ಕೆ 0.9931. ನಡುವೆ 0.3679ರ ಹತ್ತಿರ 0.6922ಕ್ಕೆ ಇಳಿದು ಮತ್ತೆ ಏರುತ್ತದೆ, ಗುರಿ 1. ಇಷ್ಟಕ್ಕೇ ನಿಲ್ಲಿಸುವವರು ಮೋಸ ಹೋಗುತ್ತಾರೆ. ಆಧಾರ 0.01, ಘಾತಾಂಕ 1/2 ಇಟ್ಟರೆ 0.1. ಆಧಾರ 0.001, ಘಾತಾಂಕ 1/3 ಇಟ್ಟರೂ 0.1. ಹೀಗೇ ಮುಂದುವರಿಸಿ, ಎರಡೂ ಸೊನ್ನೆಯತ್ತ ಓಡುತ್ತವೆ, ಉತ್ತರ 0.1 ಬಿಟ್ಟು ಕದಲುವುದಿಲ್ಲ. ಆಧಾರಕ್ಕೆ 1/100, 1/1000 ಎಂಬ ಹತ್ತರ ಘಾತಗಳ ಬದಲು 1/4, 1/8 ಎಂದು ಎರಡರ ಘಾತ ಹಿಡಿದರೆ 0.5.

ಗಣಿತಜ್ಞ ಕೋಶಿ 1821ರಲ್ಲೇ 0⁰ ಅನ್ನು 0/0 ಜೊತೆ ಅನಿರ್ಧಾರ್ಯ ರೂಪಗಳ ಪಟ್ಟಿಗೆ ಸೇರಿಸಿದ್ದ. ಮೋಬಿಯಸ್‌ನಂಥ ಗಣಿತಜ್ಞನೇ 1834ರಲ್ಲಿ ಲಿಮಿಟ್ಟೂ ಯಾವಾಗಲೂ 1 ಎಂದು ವಾದಿಸಿ, ಹೆಸರು ಹೇಳದ ಒಬ್ಬನ ಪ್ರತ್ಯುದಾಹರಣೆಗೆ ಸೋತ. ಆ ಸೋಲಿನಿಂದ ಜನ 0⁰ ಬೆಲೆಯನ್ನೇ ಕೈಬಿಟ್ಟರು ಅನ್ನುವುದು ವಿಚಿತ್ರ. 1992ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಬೆಲೆ, ಲಿಮಿಟ್ ಎರಡನ್ನೂ ಬಿಡಿಸಿಟ್ಟು, ಬೆಲೆ 1 ಆಗಲೇಬೇಕು ಎಂದು ಬರೆದರು.

ಕೋಡ್ ಬರೆಯುವವರಿಗೆ ಒಂದು ಮಾತು. 10ರ ಘಾತ −400ಕ್ಕೆ 1/400 ಘಾತ ಹಾಕಿದರೆ ಸರಿಯುತ್ತರ 0.1. ಕಂಪ್ಯೂಟರ್ ದಶಮಾಂಶ ಸಂಖ್ಯೆ ಇಡುವ ಸಾಮಾನ್ಯ ರೂಪವಾದ ಡಬಲ್‌ನಲ್ಲಿ 10ರ ಘಾತ −324ಕ್ಕಿಂತ ಕೆಳಗಿನದೆಲ್ಲ ಸೊನ್ನೆಯಾಗಿಬಿಡುತ್ತದೆ, ಹಾಗಾಗಿ ಯಂತ್ರ ಎರರ್ ಕೂಡ ತೋರಿಸದೆ 0 ಕೊಡುತ್ತದೆ. ಆಧಾರವನ್ನು ಸಂಖ್ಯೆಯಾಗಿ ಕಟ್ಟುವ ಮೊದಲೇ ಲಾಗ್‌ನಲ್ಲಿ ಅಂದರೆ ಹತ್ತರ ಘಾತಾಂಕವಾಗಿ ಇಟ್ಟುಕೊಳ್ಳಿ: −400ನ್ನು 1/400ರಿಂದ ಗುಣಿಸಿ, −1 ಬಂದ ಮೇಲೆ ಹತ್ತಕ್ಕೆ ಆ ಘಾತ ಹಾಕಿ.