ಗೆದ್ದಲು ತಿನ್ನಬಹುದು, ನಾನು ಜೆರಾಕ್ಸ್ ಮಾಡಿಸಬಾರದು

ಮೂರು ಮಧ್ಯಾಹ್ನ ಪೆನ್ಸಿಲ್ ಹಿಡಿದು ಬರೆದು ಬರೆದು ಬೆರಳು ಊದಿಕೊಂಡಿದೆ. ಬರೆದದ್ದು ಹದಿನಾರು ಪುಟ. ಸ್ವಂತದ್ದೇನಲ್ಲ, ಲೈಬ್ರರಿಯ ಪುಸ್ತಕ ನೋಡಿಕೊಂಡು ಇಳಿಸಿದ್ದು. ಎರಡನೇ ಕ್ಲಾಸಿನಲ್ಲಿ ದಿನಕ್ಕೊಂದು ಪುಟ ಕಾಪಿ ಬರೆಸುತ್ತಿದ್ದರು. ಆಮೇಲೆ ಇಷ್ಟು ಕಾಪಿ ಬರೆದದ್ದು ಇದೇ ಮೊದಲು. ಯಾಕೆ ಅಂತೀರಾ? ಕಾಪಿರೈಟ್ ಅಂತೆ!

ನಾನು ಡಿಗ್ರಿ ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ಗೊತ್ತಲ್ಲ, ಸಂಬಳ ಯಾವಾಗ ಬರುತ್ತದೋ ಹೇಳೋಕೆ ಆಗಲ್ಲ. ಅದು ಬೇರೆ ದಿನದ ಗೋಳು. ಈ ಸೆಮಿಸ್ಟರಿನಲ್ಲಿ ಜನಪದ ಸಾಹಿತ್ಯದ ಪೇಪರ್ ನನ್ನ ಪಾಲಿಗೆ ಬಂದಿದೆ. ಪಠ್ಯದಲ್ಲಿ ಇರುವ ಹಾಡುಗಳೆಲ್ಲ ಬೇರೆ ಸೀಮೆಯವು. ನಮ್ಮ ಮಕ್ಕಳಿಗೆ ನಮ್ಮ ಕಡೆಯ ಬೀಸುವ ಪದ, ಸೋಬಾನೆ ಪದ ಓದಿಸೋಣ ಅಂತ ಆಸೆ ಆಯಿತು. ಹುಡುಕಿ ಹುಡುಕಿ ಒಂದು ಪುಸ್ತಕ ಪತ್ತೆಯಾಯಿತು, ಜಿಲ್ಲಾ ಕೇಂದ್ರದ ಒಂದು ಲೈಬ್ರರಿಯಲ್ಲಿ. 1959ರಲ್ಲಿ ಅಚ್ಚಾದದ್ದು. ಬೆಲೆ ಒಂದು ರೂಪಾಯಿ 50 ನಯಾಪೈಸೆ. ನಮ್ಮ ತಾಲೂಕಿನ ಸ್ಕೂಲ್ ಮೇಷ್ಟ್ರೊಬ್ಬರು ಊರೂರು ತಿರುಗಿ ಕೂಡಿಸಿದ ಹಾಡುಗಳು. ಮತ್ತೆ ಅಚ್ಚಾಗಿಲ್ಲ. ಅಂಗಡಿಯಲ್ಲಿ ಇಲ್ಲ, ಆನ್‌ಲೈನ್‌ನಲ್ಲಿ ಇಲ್ಲ, ಹಳೇ ಪುಸ್ತಕದವರ ಹತ್ತಿರವೂ ಇಲ್ಲ.

ಮೇಲೆ ಪರಾಮರ್ಶನ ಅಂತ ಮುದ್ರೆ ಇದೆ, ಮನೆಗೆ ಕೊಡಲ್ಲ. ಸರಿ, ಬೇಡ. ನನಗೆ ಬೇಕಾದದ್ದು ಇಪ್ಪತ್ತೆರಡು ಪುಟ. ಕೌಂಟರಿನ ಹಿಂದೆಯೇ ಜೆರಾಕ್ಸ್ ಮಷೀನ್ ಇದೆ.

"ಸಾರ್, ಇದರಲ್ಲಿ ಇಪ್ಪತ್ತೆರಡು ಪುಟ ಜೆರಾಕ್ಸ್ ಬೇಕಿತ್ತು. ಕ್ಲಾಸಿಗೆ."

ಅವರು ಪುಸ್ತಕ ತೆರೆದು ಮೊದಲ ಹಾಳೆಯ ಹಿಂದೆ ನೋಡಿದರು. "ಆಗಲ್ಲ ಮೇಡಂ. ಎಲ್ಲ ಹಕ್ಕುಗಳನ್ನೂ ಕಾದಿರಿಸಿದೆ ಅಂತ ಹಾಕಿದಾರೆ."

"ಮೊಬೈಲಲ್ಲಿ ಫೋಟೋ ತಗೊಳ್ಳಲಾ?"

"ಎರಡೂ ಒಂದೇ ಆಯ್ತಲ್ಲ."

"ಕೈಯಲ್ಲಿ ಬರ್ಕೊಂಡ್ರೆ?"

"ಬರ್ಕೊಳ್ಳಿ, ಅದಕ್ಕೇನಂತೆ. ಪೆನ್ ಮಾತ್ರ ಬೇಡ, ಪೆನ್ಸಿಲ್ ತನ್ನಿ. ಇಂಕ್ ತಾಗಿದ್ರೆ ಹಾಳೆ ಹಾಳಾಗತ್ತೆ."

ಅವರಿಗೆ ಪುಸ್ತಕದ ಮೇಲೆ ಎಷ್ಟು ಕಾಳಜಿ ನೋಡಿ! ಅಂದಹಾಗೆ ಆ ಪುಸ್ತಕದ ಬೆನ್ನು ಪೂರ್ತಿ ಗೆದ್ದಲು ಹಿಡಿದಿದೆ. ಒಂಬತ್ತನೇ ಪುಟದಲ್ಲಿ ಒಂದು ಸೋಬಾನೆ ಪದದ ಕೊನೆಯ ಎರಡು ಸಾಲು ಇದ್ದ ಜಾಗದಲ್ಲಿ ತೂತು. ಗೆದ್ದಲಿಗೆ ಯಾರೂ ಹಕ್ಕು ಕಾದಿರಿಸಿದ್ದನ್ನು ತೋರಿಸಿಲ್ಲ ಅಂತ ಕಾಣುತ್ತದೆ.

ಅದೇ ಅಕ್ಷರ, ಅದೇ ಪುಟ, ಅದೇ ನಾನು. ಕೈಯಲ್ಲಿ ಇಳಿಸಿದರೆ ಓದು, ಮಷೀನಿನಲ್ಲಿ ಇಳಿಸಿದರೆ ಕಳ್ಳತನ. ಇದು ಯಾವ ಲೆಕ್ಕ? ಮನೆಗೆ ಬಂದು ಸಿಟ್ಟಿನಲ್ಲಿ ಕಾಪಿರೈಟ್ ಕಾಯ್ದೆಯನ್ನೇ ತೆರೆದು ಕೂತೆ. 1957ರ ಕಾಯ್ದೆ. ಅದರ 52ನೇ ಸೆಕ್ಷನ್ ಪೂರ್ತಿ ಒಂದು ದೊಡ್ಡ ಪಟ್ಟಿ. ಇಂಥದ್ದೆಲ್ಲ ಮಾಡಿದರೆ ಹಕ್ಕು ಮುರಿದಂತೆ ಅಲ್ಲ ಅಂತ. ಸ್ವಂತ ಓದಿಗೆ, ಸಂಶೋಧನೆಗೆ ನ್ಯಾಯವಾಗಿ ಬಳಸಿಕೊಂಡರೆ ತಪ್ಪಲ್ಲ. ಪಾಠದ ಭಾಗವಾಗಿ ಮೇಷ್ಟ್ರೋ ವಿದ್ಯಾರ್ಥಿಯೋ ನಕಲು ಮಾಡಿಕೊಂಡರೆ ತಪ್ಪಲ್ಲ. ಪರೀಕ್ಷೆಯ ಪ್ರಶ್ನೆಯಲ್ಲಿ ಹಾಕಿದರೂ ತಪ್ಪಲ್ಲ. ಪ್ರತಿವರ್ಷ ಪ್ರಶ್ನೆಪತ್ರಿಕೆಯಲ್ಲಿ "ಈ ಪದ್ಯದ ಭಾವಾರ್ಥ ಬರೆಯಿರಿ" ಅಂತ ಇಡೀ ಪದ್ಯ ಹಾಕುತ್ತೇವಲ್ಲ, ಆಗ ಯಾರಿಗೂ ಕಾಪಿರೈಟ್ ನೆನಪಾಗಲ್ಲ. ಎರಡೂ ಇರುವುದು ಒಂದೇ ಕಲಮಿನಲ್ಲಿ ಸ್ವಾಮಿ!

ಇನ್ನೂ ಇದೆ. ಲಾಭಕ್ಕಲ್ಲದ ಸಾರ್ವಜನಿಕ ಲೈಬ್ರರಿಗೆ ಕಾಯ್ದೆ ತಾನಾಗಿಯೇ ಅವಕಾಶ ಕೊಟ್ಟಿದೆ. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವಾದರೆ, ಲೈಬ್ರರಿಯ ಉಪಯೋಗಕ್ಕೆ ಮೂರು ಪ್ರತಿಯವರೆಗೆ ಮಾಡಿಟ್ಟುಕೊಳ್ಳಬಹುದು. ಇಪ್ಪತ್ತೆರಡು ಪುಟ ಅಲ್ಲ, ಇಡೀ ಪುಸ್ತಕ. 2012ರ ತಿದ್ದುಪಡಿಯಲ್ಲಿ ಇನ್ನೊಂದು ಸೇರಿಸಿದರು. ಲೈಬ್ರರಿಯಲ್ಲಿ ಪುಸ್ತಕದ ಪ್ರತಿ ಇದ್ದರೆ, ಉಳಿಸಿಕೊಳ್ಳೋಕೆ ಅಂತ ಅದನ್ನು ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಬಹುದು. ಅಂದರೆ ನನಗೆ ಇಲ್ಲ ಅಂದವರು ಗೆದ್ದಲಿಗಿಂತ ಮುಂಚೆಯೇ ಈ ಕೆಲಸ ಮಾಡಿ ಮುಗಿಸಬಹುದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅನ್ನುವುದು ಇದಕ್ಕೇ ಇರಬೇಕು.

ದೆಹಲಿಯ ಕೇಸ್ ನಿಮಗೆ ನೆನಪಿರಬಹುದು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನ ಸಂಸ್ಥೆಗಳು ಸೇರಿ ಒಂದು ಜೆರಾಕ್ಸ್ ಅಂಗಡಿ ಮೇಲೆ ದಾವೆ ಹಾಕಿದವು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದಲ್ಲಿದ್ದ ರಾಮೇಶ್ವರಿ ಅನ್ನೋ ಪುಟ್ಟ ಅಂಗಡಿ. ಜೊತೆಗೆ ದೆಹಲಿ ವಿಶ್ವವಿದ್ಯಾಲಯವನ್ನೂ ಎಳೆದರು. ಬೇರೆ ಬೇರೆ ಪುಸ್ತಕದ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿ, ಪಠ್ಯದ ಪ್ರಕಾರ ಹೊಲಿದು ಹುಡುಗರಿಗೆ ಕೊಡುತ್ತಿದ್ದರು ಅಂತ. 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ದಾವೆ ತಳ್ಳಿಹಾಕಿದರು. ತೀರ್ಪಿನಲ್ಲಿ ಅವರು ತಾವು ಕಾನೂನು ಓದುತ್ತಿದ್ದ ಕಾಲವನ್ನು ನೆನಪು ಮಾಡಿಕೊಂಡಿದ್ದಾರೆ. ಆಗ ಜೆರಾಕ್ಸ್ ಕಡಿಮೆ, ಹುಡುಗರು ಲೈಬ್ರರಿಯಲ್ಲಿ ಕೂತು ಪುಟಗಟ್ಟಲೆ ಕೈಯಲ್ಲೇ ಇಳಿಸಿಕೊಳ್ಳುತ್ತಿದ್ದರು. ಅದು ತಪ್ಪಲ್ಲದಿದ್ದರೆ, ಅದೇ ಕೆಲಸಕ್ಕೆ ಮಷೀನ್ ಬಂದಾಕ್ಷಣ ತಪ್ಪು ಹೇಗಾಗುತ್ತದೆ ಅನ್ನುವುದು ಅವರ ವಾದದ ದಾರಿ. ಅದೇ ಡಿಸೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ದಾವೆಯನ್ನು ಮತ್ತೆ ವಿಚಾರಣೆಗೆ ಕಳಿಸಿದರೂ, ಪಾಠಕ್ಕೆ ಬೇಕಾದಷ್ಟು ನಕಲು ಮಾಡಿಕೊಳ್ಳಬಹುದು ಅಂತಲೇ ಅಂದಿತು. 2017ರಲ್ಲಿ ಪ್ರಕಾಶಕರೇ ದಾವೆ ವಾಪಸ್ ಪಡೆದರು.

ಹೈಕೋರ್ಟಿಗೆ ಅರ್ಥವಾದದ್ದು ನಮ್ಮ ಕೌಂಟರಿಗೆ ಆಗಿಲ್ಲ.

ನಮ್ಮ ಕಡೆಯದೇ ಬೇಕಾದರೆ ಅದೂ ಇದೆ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕಿನ ಜಗಳ ಮಣಿಪಾಲದಿಂದ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. 2009ರಲ್ಲಿ ಕೋರ್ಟ್ ಹಕ್ಕುದಾರರ ಹಕ್ಕನ್ನೂ, ಅನುಮತಿ ಇಲ್ಲದೆ ಆಡಬಾರದು ಅನ್ನುವ ತಡೆಯನ್ನೂ ಎತ್ತಿಹಿಡಿದು, ಆದರೂ 52ನೇ ಸೆಕ್ಷನ್ನಿನೊಳಗೆ ಪಾಠಕ್ಕಾಗಿ ಆಡಿದರೆ ಆ ತಡೆ ತಾಗಲ್ಲ ಅಂತ ಹೇಳಿತು. ಹಕ್ಕೂ ಇರುತ್ತದೆ, ವಿನಾಯಿತಿಯೂ ಇರುತ್ತದೆ. ಇಷ್ಟೇ ವಿಷಯ.

ಇದನ್ನೆಲ್ಲ ಒಂದು ಅರ್ಜಿಯಲ್ಲಿ ಬರೆದು, ಸೆಕ್ಷನ್ನಿನ ಪ್ರಿಂಟ್ ಲಗತ್ತಿಸಿ ಕೊಟ್ಟೆ. ಅವರು ಓದಲಿಲ್ಲ, ಸೀಲ್ ಒತ್ತಿದರು. "ಮೇಲಕ್ಕೆ ಕಳಿಸ್ತೀನಿ ಮೇಡಂ." ಐದು ವಾರ ಆದ ಮೇಲೆ ಉತ್ತರ ಬಂತು, ಒಂದೇ ಸಾಲು. ಪ್ರಕಾಶಕರಿಂದ ಎನ್‌ಒಸಿ ತಂದರೆ ಪರಿಶೀಲಿಸಲಾಗುವುದು.

ಪ್ರಕಾಶಕರ ವಿಳಾಸಕ್ಕೂ ಹೋಗಿ ಬಂದೆ. (ಬಸ್ ಫ್ರೀ, ಅದೊಂದೇ ಸಮಾಧಾನ.) ಅಲ್ಲಿ ಈಗ ಮೊಬೈಲ್ ಕವರ್ ಮಾರುವ ಅಂಗಡಿ ಇದೆ. ಪ್ರೆಸ್ ಇತ್ತು ಅನ್ನುವುದೂ ಆ ಹುಡುಗನಿಗೆ ಗೊತ್ತಿಲ್ಲ. ಇನ್ನು ಮೇಷ್ಟ್ರು ಯಾವಾಗ ತೀರಿಕೊಂಡರೋ ಯಾರಿಗೂ ಸರಿಯಾಗಿ ತಿಳಿಯದು. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಗೋವಿಂದ ಪೈ, ತ್ರಿವೇಣಿ ಇಬ್ಬರೂ ತೀರಿಕೊಂಡದ್ದು 1963ರಲ್ಲಿ. ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದದ್ದೆಲ್ಲ 2024ರ ಜನವರಿ 1ರಿಂದ ಎಲ್ಲರದು. ದೊಡ್ಡವರ ಲೆಕ್ಕ ಸುಲಭ, ಯಾವ ಪುಸ್ತಕ ತೆರೆದರೂ ಇಸವಿ ಸಿಗುತ್ತದೆ. ತಾಲೂಕಿನ ಮೇಷ್ಟ್ರ ತಿಥಿ ಯಾರು ಬರೆದಿಟ್ಟಿದ್ದಾರೆ? ಒಬ್ಬರು 1960ರ ಆಸುಪಾಸು ಅಂದರು, ಇನ್ನೊಬ್ಬರು ಎಮರ್ಜೆನ್ಸಿಯಲ್ಲಿ ಇದ್ದರು ಅಂದರು. ಮೊದಲನೆಯವರ ಮಾತು ನಿಜವಾದರೆ ಹಕ್ಕು ಮುಗಿದೇ ಹೋಗಿದೆ. ನಾನು ಇಷ್ಟು ಹೊತ್ತು ಬಡಿದಾಡುತ್ತಿರುವುದು ಇಲ್ಲದ ಬೀಗದ ಜೊತೆ.

ಹಕ್ಕುದಾರರು ಪತ್ತೆಯಾಗದ ಪುಸ್ತಕ ಮರುಮುದ್ರಣ ಮಾಡೋಕೂ ಕಾಯ್ದೆಯಲ್ಲಿ ದಾರಿ ಇದೆ, 31ಎ ಸೆಕ್ಷನ್. ಮೊದಲು ದೇಶದಲ್ಲೆಲ್ಲ ಓಡಾಡುವ ಇಂಗ್ಲಿಷ್ ಪೇಪರಿನಲ್ಲಿ ಪ್ರಕಟಣೆ ಕೊಡಬೇಕು. ಕನ್ನಡಕ್ಕೆ ಅನುವಾದ ಮಾಡಿ ಪ್ರಕಟಿಸೋದಾದರೆ ಕನ್ನಡ ಪೇಪರಿನಲ್ಲೂ ಕೊಡಬೇಕು. ಆಮೇಲೆ ಅರ್ಜಿ. ಅರ್ಜಿ ಕೇಳುತ್ತಿದ್ದ ಮಂಡಳಿಯನ್ನು 2021ರಲ್ಲಿ ಎತ್ತಿಬಿಟ್ಟರು, ಈಗ ಕೋರ್ಟೇ ಗತಿ. ಒಂದೂವರೆ ರೂಪಾಯಿ ಪುಸ್ತಕ ಮತ್ತೆ ಅಚ್ಚಾಗಬೇಕಾದರೆ ಇಂಗ್ಲಿಷ್ ಪೇಪರಿನಲ್ಲಿ ಜಾಹೀರಾತು! ಇನ್ನು ಯಾವ ಪುಣ್ಯಾತ್ಮ ಮುದ್ರಿಸುತ್ತಾನೆ ಹೇಳಿ.

ನನಗೆ ಎಲ್ಲಕ್ಕಿಂತ ಉರಿಯುವುದು ಬೇರೆಯೇ. ಈ ಹಾಡುಗಳು ಯಾರವು? ಮೇಷ್ಟ್ರು ಕೂಡಿಸಿದರು, ಅವರ ಶ್ರಮಕ್ಕೆ ಕೈಮುಗಿಯುತ್ತೇನೆ. ಹಾಡಿದವರು ನಮ್ಮ ಅಜ್ಜಿಯರು. ಬೆಳಗಿನ ಜಾವ ರಾಗಿ ಬೀಸುತ್ತಾ ಹಾಡಿದರು. ಪುಸ್ತಕದಲ್ಲಿ ಒಬ್ಬರ ಹೆಸರೂ ಇಲ್ಲ, "ಹಾಡಿದವರು: ಒಬ್ಬ ಮುದುಕಿ" ಅಂತ ಒಂದು ಕಡೆ ಇದೆ ಅಷ್ಟೆ. ಹದಿಮೂರನೇ ಪುಟದ ತೊಟ್ಟಿಲ ಪದ ನನ್ನ ಅಜ್ಜಿ ನನಗೇ ಹಾಡಿದ್ದು. ನನಗೆ ಮೊದಲ ನಾಲ್ಕು ಸಾಲು ಈಗಲೂ ಬಾಯಿಪಾಠ. ಮುಂದಿನದ್ದು ಮರೆತಿದ್ದೆ. ಅದರ ಜೆರಾಕ್ಸಿಗೆ ನಾನು ಮೊಬೈಲ್ ಕವರಿನ ಅಂಗಡಿಯಿಂದ ಎನ್‌ಒಸಿ ತರಬೇಕು.

ಕಾಪಿರೈಟೇ ಬೇಡ ಅನ್ನುವವಳು ನಾನಲ್ಲ. ಕನ್ನಡದಲ್ಲಿ ಸಾವಿರ ಪ್ರತಿ ಅಚ್ಚು ಹಾಕಿ ಮಾರೋದೇ ದೊಡ್ಡ ಸಾಹಸ. ಹೋದ ತಿಂಗಳು ಬಂದ ಕಾದಂಬರಿಯ ಪಿಡಿಎಫ್ ಈ ತಿಂಗಳು ಟೆಲಿಗ್ರಾಂ ಗುಂಪಿನಲ್ಲಿ ಓಡಾಡುತ್ತಿರುತ್ತದೆ. ಅದು ಶುದ್ಧ ಕಳ್ಳತನ, ನನ್ನ ಹುಡುಗರಿಗೂ ಬೈದಿದ್ದೇನೆ. ಆದರೆ ಅದನ್ನು ತಡೆಯೋರು ಯಾರೂ ಕಾಣಲ್ಲ. ಲೈಬ್ರರಿಯ ಎದುರಿನ ಅಂಗಡಿಯಲ್ಲೇ ಗೈಡುಗಳನ್ನು ಇಡಿಯಾಗಿ ಜೆರಾಕ್ಸ್ ಮಾಡಿ, ಸ್ಪೈರಲ್ ಹಾಕಿ ತೂಗುಹಾಕಿದ್ದಾರೆ. ಅಲ್ಲಿಗೆ ಇಲ್ಲದ ಕಾನೂನು ರಸ್ತೆ ದಾಟಿ ಒಳಗೆ ಬಂದು ನನ್ನ ಇಪ್ಪತ್ತೆರಡು ಪುಟದ ಮೇಲೆ ಕೂತಿದೆ. ಮನೆ ಕಂದಾಯದ ಜೊತೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಕಟ್ಟುವುದು ಮಾತ್ರ ನಾನು.

ಪಾಪ, ಕೌಂಟರಿನವರು ಕೆಟ್ಟವರಲ್ಲ. ನಿನ್ನೆ ಅವರೇ ಫ್ಯಾನ್ ನನ್ನ ಕಡೆ ತಿರುಗಿಸಿದರು. ಅವರಿಗೆ ಯಾರೂ 52ನೇ ಸೆಕ್ಷನ್ ಹೇಳಿಕೊಟ್ಟಿಲ್ಲ. ಇಲ್ಲ ಅಂದರೆ ಯಾರೂ ಕೇಳಲ್ಲ, ಹೂಂ ಅಂದರೆ ನಾಳೆ ಮೆಮೊ ಬಂದೀತು ಅನ್ನೋ ಭಯ. ಇದು ಗೊತ್ತಿದ್ದೂ ಸಿಟ್ಟು ಇಳಿಯುತ್ತಿಲ್ಲ.

ನಾಳೆ ಮತ್ತೆ ಹೋಗಬೇಕು. ಹದಿನೇಳನೇ ಪುಟದಿಂದ ಬಾಕಿ. ಪೆನ್ಸಿಲ್ ಮುಗಿದಿದೆ, ಬಸ್ ಸ್ಟ್ಯಾಂಡಿನಲ್ಲಿ ತಗೊಳ್ಳಬೇಕು.